ಪ್ರಯಾಣಸನ್ನಾಹದ ರಸವಿಚಾರ

ಕಡಲಾಚೆಯ ಪ್ರವಾಸವನ್ನು ಕುರಿತ ಬರಹಗಳಿಗೆ ನಮ್ಮ ನುಡಿಯಲ್ಲಿ ಕೊರತೆಯಿಲ್ಲ. 1936ರಲ್ಲಿ ವ್ಯಾಸಂಗಾರ್ಥವಾಗಿ ಆಕ್ಸ್‌ಫರ್ಡಿಗೆ ತೆರಳಿದ ವಿ. ಕೃ. ಗೋಕಾಕರು 'ಸಮುದ್ರಗೀತೆಗಳು' ಎಂಬ ಸಂಕಲನವನ್ನು ಕನ್ನಡಕ್ಕೆ ಕೊಟ್ಟರು. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಎಸ್. ಎಲ್. ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' ಎಂಬ ಕಾದಂಬರಿಯು ಅಮೆರಿಕದಿಂದ ಹಿಂದಿರುಗಿದವನಿಗೂ ಅವನ ಹುಟ್ಟೂರಿಗೂ ಒದಗಿದ ವಿರಸವನ್ನು ವಿಸ್ತರಿಸಿ ಹೇಳುತ್ತದೆ. ಮೊದಲನೆಯದರಲ್ಲಿ ಕಡಲು, ಎರಡನೆಯದರಲ್ಲಿ ಸೇರಿದ ನಾಡು, ಮೂರನೆಯದರಲ್ಲಿ ಮರಳುವಿಕೆ ವರ್ಣಿತವಾಗಿರುವುದು. ಆದರೆ ಒಂದು ಕುಟುಂಬವು ಹೊರಡುವುದಕ್ಕೆ ಮುಂಚಿನ ನಾಲ್ಕಾರು ತಿಂಗಳುಗಳಲ್ಲಿ ಮನೆಯೊಳಗೆ ನಡೆಯುವ ಸನ್ನಾಹಕ್ಕೆ ನಮ್ಮ ಲೇಖಕರು ತಕ್ಕಷ್ಟು ಗಮನವನ್ನು ಕೊಟ್ಟಂತೆ ತೋರುವುದಿಲ್ಲ.

ಈಚೆಗೆ ನಮ್ಮ ತರುಣ ಕಥೆಗಾರರು ಈ ವಿಷಯವನ್ನು ಎತ್ತಿಕೊಳ್ಳುತ್ತಿರುವರು. ಅದು ಸಂತೋಷದ ಸಂಗತಿಯೇ. ಬಸವಕಲ್ಯಾಣ, ಹುಮನಾಬಾದುಗಳಂಥ ಊರುಗಳ ಮನೆಗಳಿಂದಲೂ ಮಕ್ಕಳು ಹೈದರಾಬಾದಿನ ವಿಮಾನ ನಿಲ್ದಾಣದ ಮೂಲಕ ಕೊಲ್ಲಿ ರಾಜ್ಯಗಳಿಗೂ ಅಮೆರಿಕಕ್ಕೂ ತೆರಳುತ್ತಿರುವಾಗ, ಇದು ನಮಗೆ ಪರರ ಕಥೆಯಲ್ಲ. ಆದರೆ ನಾವು ಓದಿದ ಕಥೆಗಳಲ್ಲಿ ಬಹುಪಾಲು ಒಂದೇ ಎರಕದವು: ನಿಲ್ದಾಣದ ಬಾಗಿಲಲ್ಲಿ ತಾಯಿಯ ರೋದನ, ಕಟ್ಟೆಯ ಮೇಲೆ ಒಬ್ಬನೇ ಕುಳಿತ ತಂದೆ, ಬೀಗ ಬಿದ್ದ ಮನೆ. ಕಥೆಯ ಮೊದಲ ವಾಕ್ಯದಲ್ಲಿಯೇ ಕಣ್ಣೀರು ಸಿದ್ಧವಾಗಿರುವುದರಿಂದ ಓದುಗನಿಗೆ ಉಳಿಯುವ ಕೆಲಸವೇನೂ ಇಲ್ಲ.

ಇಲ್ಲಿರುವ ದೋಷವು ರಸನಿರ್ಣಯದ ದೋಷ. ಕರುಣಕ್ಕೂ ವಿಪ್ರಲಂಭಕ್ಕೂ ಭೇದವೇನೆಂಬುದನ್ನು ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸಿರುವನು. ಕರುಣವು ನಿರಪೇಕ್ಷವಾದುದು, ಅಂದರೆ ಮರಳಿ ಕೂಡುವ ಆಸೆ ಅಲ್ಲಿ ಕಡಿದುಹೋಗಿದೆ. ವಿಪ್ರಲಂಭವು ಸಾಪೇಕ್ಷವಾದುದು, ಅಲ್ಲಿ ಔತ್ಸುಕ್ಯವೂ ಚಿಂತೆಯೂ ಒಟ್ಟಿಗೆ ಬಾಳುತ್ತವೆ. ವಿಪ್ರಲಂಭವು ಶೃಂಗಾರದ ಭೇದವಲ್ಲವೇ ಎಂದು ಕೇಳುವವರಿಗೆ ನಮ್ಮ ಸಮಾಧಾನವಿಷ್ಟೆ: ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವತ್ಸಲವನ್ನು ಹತ್ತನೆಯ ರಸವಾಗಿ ಒಪ್ಪಿರುವನು, ಅದಕ್ಕೂ ವಿರಹಾವಸ್ಥೆಯೊಂದನ್ನು ಒಪ್ಪುವುದರಲ್ಲಿ ಬಾಧೆಯಿಲ್ಲ. ಹೊರಡುವ ಮಗನು ಸತ್ತವನಲ್ಲ. ಅವನ ಏಳ್ಗೆಯನ್ನು ಬಯಸಿ, ಸಾಲಮಾಡಿ ಓದಿಸಿ, ಕಳುಹಿಸುತ್ತಿರುವವರು ತಂದೆತಾಯಿಗಳೇ. ಬಯಕೆಯೂ ಬೇಗುದಿಯೂ ಒಂದೇ ಎದೆಯಲ್ಲಿರುವ ಈ ಸ್ಥಿತಿಯನ್ನು ಬರಿಯ ಶೋಕವೆಂದು ತೀರ್ಮಾನಿಸಿದರೆ ಅರ್ಧ ಸತ್ಯವನ್ನು ಬಿಟ್ಟಂತಾಯಿತು.

ಈ ವಿಷಯದಲ್ಲಿ ಶಾಕುಂತಲದ ನಾಲ್ಕನೆಯ ಅಂಕವೇ ನಮಗೆ ಒರೆಗಲ್ಲು. ಅಲ್ಲಿ ಕಣ್ಣೀರಿಗಿಂತ ಕೆಲಸ ಹೆಚ್ಚು. ಗೆಳತಿಯೊಬ್ಬಳು ಈ ದಿನಕ್ಕೆಂದೇ ತೆಂಗಿನ ಸಂಪುಟದಲ್ಲಿ ಬಕುಳಮಾಲೆಯನ್ನು ತೆಗೆದಿರಿಸಿದ್ದಾಳೆ. ಆಭರಣವನ್ನು ತೊಟ್ಟರಿಯದ ಆ ಆಶ್ರಮಕನ್ಯೆಯರು ಚಿತ್ರಗಳಲ್ಲಿ ಕಂಡ ನೆನಪಿನಿಂದಲೇ ಶಕುಂತಲೆಯನ್ನು ಸಿಂಗರಿಸುತ್ತಾರೆ. ಚಿತ್ರದಲ್ಲಿ ಮಾತ್ರ ಹಿಮವನ್ನು ಕಂಡ ನಮ್ಮ ಮನೆಗಳವರು ಮೊಮ್ಮಕ್ಕಳಿಗೆ ಉಣ್ಣೆಯ ಉಡುಪನ್ನು ಕೊಳ್ಳುವಾಗ ಕಾಣುವ ಅಜ್ಞಾನವೂ ಅಕ್ಕರೆಯೂ ಇದೇ ಅಲ್ಲವೇ? ಕೊನೆಗೆ ಕಣ್ವನು ನ್ಯಾಸವನ್ನು ಒಡೆಯನಿಗೆ ಹಿಂದಿರುಗಿಸಿದವನಂತೆ ಹಗುರವಾಗುತ್ತಾನೆ.

ಆದರೆ ಕಣ್ವನ ಆ ಸಮಾಧಾನವು ನಮ್ಮ ಕಥೆಗಳಿಗೆ ಒದಗದು. ಇಲ್ಲಿ ಹೊರಡುವವನು ಮಗ. ಅವನೊಡನೆ ಸೊಸೆ, ಮೊಮ್ಮಕ್ಕಳು. ಮಗನು ನ್ಯಾಸವಲ್ಲವೆಂದು ಸಾಧಿಸಿದ ಗ್ರಂಥವು ನಮ್ಮ ಕಲ್ಯಾಣದಲ್ಲಿಯೇ ಹುಟ್ಟಿತು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಇಲ್ಲಿ ರಚಿಸಿದ ಮಿತಾಕ್ಷರೆಯ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟು. 2005ರ ಕಾಯಿದೆಯ ತಿದ್ದುಪಡಿಯು ಆ ಜನ್ಮಸ್ವತ್ವವನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆದುದರಿಂದ ಸನ್ನಾಹದ ದಿನಗಳಲ್ಲಿ ಮನೆಯೊಳಗೆ ನಿಜವಾಗಿ ನಡೆಯುವ ಮಾತು ಪಹಣಿಯದು: ಹೊಲವನ್ನು ಯಾರು ನೋಡಿಕೊಳ್ಳಬೇಕು, ಪಾಲಾಗಬೇಕೇ, ಮಾರಬೇಕೇ, ಅಕ್ಕತಂಗಿಯರ ಸಹಿ ಬೇಕೇ? ಪ್ರೀತಿಯೂ ಲೆಕ್ಕವೂ ಹೆಣೆದುಕೊಳ್ಳುವ ಈ ಸಂಭಾಷಣೆಯನ್ನು ಬಿಟ್ಟು ಬರೆದ ಕಥೆಯು ಗೃಹಸ್ಥರ ಕಥೆಯಾಗಲಾರದು. ಲೆಕ್ಕವೆಂದರೆ ಹೀನವೆಂದು ಯಾರೂ ತಿಳಿಯಬೇಕಾಗಿಲ್ಲ. ಸಮುದ್ರಯಾಯಿಯನ್ನು ಶ್ರಾದ್ಧದ ಪಂಕ್ತಿಯಿಂದ ಮನುವು ಹೊರಗಿಟ್ಟನು. ಯಾಜ್ಞವಲ್ಕ್ಯನಾದರೋ ಸಾಲ ತೆಗೆದು ಕಡಲಿಗೆ ಹೋಗುವವನಿಗೆ ನೂರಕ್ಕೆ 20ರ ಬಡ್ಡಿಯನ್ನು ವಿಧಿಸಿದನು. ಅದು ತಿಂಗಳ ಬಡ್ಡಿಯೆಂದೂ, ಮೂಲಧನವೇ ನಾಶವಾಗುವ ಶಂಕೆ ಅದಕ್ಕೆ ಕಾರಣವೆಂದೂ ಮಿತಾಕ್ಷರಾಕಾರನು ವಿವರಿಸಿದನು. ನಿಷೇಧಿಸಿದವರ ನಡುವೆಯೇ ಹೋಗುವವರೂ ಇದ್ದರು, ಅವರಿಗೆ ಸಾಲ ಕೊಡುವವರೂ ಇದ್ದರು.

ಹೊರಡುವವನನ್ನು ಕೃತಘ್ನನೆಂದು ಚಿತ್ರಿಸುವ ಇನ್ನೊಂದು ಚಾಳಿಯೂ ನಮ್ಮಲ್ಲಿ ಬೆಳೆದಿರುವುದು. ಇತರರು ಏನೆಂದರೂ ಕಲ್ಯಾಣದವರು ಹಾಗೆನ್ನುವುದು ಯುಕ್ತವಲ್ಲ. ಬಿಲ್ಹಣನು ಕಾಶ್ಮೀರವನ್ನು ಬಿಟ್ಟು ಬಂದು ಇಲ್ಲಿ ವಿದ್ಯಾಪತಿಯೆನಿಸಿದನು. ಆದರೂ ತನ್ನ ವಿಕ್ರಮಾಂಕದೇವಚರಿತದ ಹದಿನೆಂಟನೆಯ ಸರ್ಗದಲ್ಲಿ ಹುಟ್ಟೂರನ್ನು ಮನಸಾರೆ ವರ್ಣಿಸದೆ ಇರಲಿಲ್ಲ. ಬಳ್ಳಿಗಾವೆಯ ಅಲ್ಲಮನೂ ಉಡುತಡಿಯ ಅಕ್ಕನೂ ಮನೆ ತೊರೆದು ಬಂದುದರಿಂದಲೇ ಈ ಊರು ಕಲ್ಯಾಣವಾಯಿತು. ಷಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟಿಸಿದ ವಚನಾನುವಾದದಿಂದ ಆ ಶರಣರ ನುಡಿಯು ಲೋಕದ ಓದುಗರನ್ನು ಮುಟ್ಟಿತು. ಬಂದವರಿಂದ ಬೆಳೆದ ಊರು ಹೋಗುವವರನ್ನು ಹಳಿಯಬಾರದು.

ಹಾಗಾದರೆ ಬರೆಯುವುದು ಹೇಗೆ? ವಿಭಾವವನ್ನು ನಂಬಿ ಬರೆಯಬೇಕು. ಹುಮನಾಬಾದ್ ತಾಲೂಕಿನ ಒಂದು ಮನೆಯಲ್ಲಿ ಇಂಥ ಸನ್ನಾಹವನ್ನು ನಾವು ಕಂಡೆವು. ಪೆಟ್ಟಿಗೆಯೊಂದಕ್ಕೆ 23 ಕಿಲೋ ಮಿತಿ. ತೂಕ ಮೀರಿದಾಗ ಮಗನು ಮೊಮ್ಮಗಳ ಅಂಕಲಿಪಿಯನ್ನೂ ಕನ್ನಡ ಪುಸ್ತಕಗಳನ್ನೂ ಹೊರಗೆ ತೆಗೆದನು. ಮುದುಕಿ ಮಾತಾಡದೆ ಅವನ್ನು ಮತ್ತೆ ಒಳಗಿಟ್ಟು, ತಾನೇ ಕುಟ್ಟಿದ ಶೇಂಗಾ ಹಿಂಡಿಯ ಡಬ್ಬಿಯನ್ನು ಎತ್ತಿಕೊಂಡಳು. "ಹಿಂಡಿ ಅಲ್ಲೂ ಕುಟ್ಕೋತಾರಪ್ಪಾ, ಈ ಪುಸ್ತಕ ಅಲ್ಲಿ ಯಾರು ಕೊಡ್ತಾರ?" ಎಂದಷ್ಟೇ ಅಂದಳು. ಯಾರೂ ಅಳಲಿಲ್ಲ. ಆ ತೂಕದಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ನಿರ್ಣಯದಲ್ಲಿಯೇ ಆ ಮನೆಯ ರಸವೆಲ್ಲವೂ ಅಡಗಿತ್ತು.

ನಮ್ಮ ತರುಣರು ಇಂಥ ನಿರ್ಣಯಗಳನ್ನು ನೋಡಿ, ಆಡಿದ ಮಾತನ್ನು ನಮ್ಮ ಕಡೆಯ ನುಡಿಯಲ್ಲಿಯೇ ಹಿಡಿದಿಡಲಿ. ಅಳಬೇಕೋ ಬೇಡವೋ ಎಂಬುದನ್ನು ಸಹೃದಯನಿಗೆ ಬಿಡಲಿ. ಹೋದ ಕುಟುಂಬದ ಮಕ್ಕಳು ನಾಳೆ ಆ ಕಥೆಗಳನ್ನು ಓದಿದಾಗ, ತಮ್ಮನ್ನು ಕಳುಹಿಸಿಕೊಟ್ಟವರು ಎಂಥವರೆಂಬುದು ಅವರಿಗೆ ತಿಳಿಯುವಂತಿರಬೇಕು.