ಸಾಕ್ಷಿಯ ಮಾತು ಮತ್ತು ತರಗತಿಯ ಪ್ರಶ್ನೆ: ವಿಯೆಟ್ನಾಂ ಯುದ್ಧದ ಬೋಧನೆಯಲ್ಲಿ ಜೀವಂತ ಇತಿಹಾಸ

ನ್ಯಾಯಾನ್ಯಾಯದ ಚರ್ಚೆ ಇತ್ಯರ್ಥವಾಗದ ಯುದ್ಧವೊಂದನ್ನು ವಿದ್ಯಾರ್ಥಿಗಳಿಗೆ ಬೋಧಿಸುವುದು ಇತಿಹಾಸ ಶಿಕ್ಷಣದ ಕಠಿಣ ಪರೀಕ್ಷೆಗಳಲ್ಲಿ ಒಂದು. 1975ರ ಏಪ್ರಿಲ್ 30ರಂದು ಸೈಗಾನ್ ನಗರದ ಪತನದೊಂದಿಗೆ ವಿಯೆಟ್ನಾಂ ಯುದ್ಧ ಮುಗಿಯಿತಾದರೂ ಅಮೆರಿಕದಲ್ಲಿ ಅದರ ಬಗೆಗಿನ ವಾಗ್ವಾದ ಮುಗಿಯಲಿಲ್ಲ. ಈ ಯುದ್ಧವನ್ನು ಲೋಕದ ಸ್ಮೃತಿಯಲ್ಲಿ ಅಚ್ಚೊತ್ತಿದ ಛಾಯಾಚಿತ್ರಗಳನ್ನೇ ಅಲ್ಲಿನ ಶಾಲಾಪಠ್ಯಗಳು ಬಹುಮಟ್ಟಿಗೆ ಕೈಬಿಟ್ಟಿದ್ದವೆಂಬುದನ್ನು ಜೇಮ್ಸ್ ಲೋವೆನ್ ತಮ್ಮ 'ಲೈಸ್ ಮೈ ಟೀಚರ್ ಟೋಲ್ಡ್ ಮಿ' (1995) ಕೃತಿಯಲ್ಲಿ ತೋರಿಸಿದ್ದಾರೆ. ಪಠ್ಯದ ಈ ಮೌನಕ್ಕೆ ಶಿಕ್ಷಕರು ಕಂಡುಕೊಂಡ ಉತ್ತರಗಳಲ್ಲಿ 'ಜೀವಂತ ಇತಿಹಾಸ' ಮುಖ್ಯವಾದುದು. ಮಾಜಿ ಸೈನಿಕರನ್ನು ತರಗತಿಗೆ ಕರೆಸುವುದು, ಮೌಖಿಕ ಕಥನಗಳನ್ನು ಓದಿಸುವುದು, ಅಂದಿನ ಸನ್ನಿವೇಶಗಳನ್ನು ವಿದ್ಯಾರ್ಥಿಗಳಿಂದಲೇ ಮರುರೂಪಿಸುವುದು ಅದರ ಪ್ರಮುಖ ರೂಪಗಳು. ಈ ವಿಧಾನದ ಸತ್ವವನ್ನೂ ಮಿತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸತ್ವದ ಬಗ್ಗೆ ಸಂದೇಹವಿಲ್ಲ. ವ್ಯಾಲೇಸ್ ಟೆರ್ರಿ ಸಂಪಾದಿಸಿದ 'ಬ್ಲಡ್ಸ್' (1984) ಇಪ್ಪತ್ತು ಮಂದಿ ಕಪ್ಪು ಸೈನಿಕರ ಆತ್ಮಕಥನಗಳ ಸಂಕಲನ. ರಣರಂಗದಲ್ಲಿ ಬಿಳಿಯರೊಂದಿಗೆ ಪ್ರಾಣ ಹಂಚಿಕೊಂಡವರು ಶಿಬಿರಕ್ಕೆ ಹಿಂದಿರುಗಿದಾಗ ವರ್ಣದ್ವೇಷವನ್ನು ಎದುರಿಸಬೇಕಾದ ವಿಪರ್ಯಾಸ ಅಲ್ಲಿ ಅವರ ಮಾತಿನಲ್ಲಿಯೇ ದಾಖಲಾಗಿದೆ. ಸೇನಾ ವರದಿಗಳ ಅಂಕಿಅಂಶಗಳಲ್ಲಿ ಈ ಅನುಭವಕ್ಕೆ ಸ್ಥಾನವಿಲ್ಲ. ಪ್ರಭುತ್ವದ ದಾಖಲೆ ಹೇಳದೆ ಬಿಟ್ಟದ್ದನ್ನು ಹೇಳುವುದೇ ಮೌಖಿಕ ಆಕರದ ಹೆಚ್ಚುಗಾರಿಕೆ.

ಆದರೆ ಸಾಕ್ಷಿಗೆ ಕಂಡದ್ದೇ ಯುದ್ಧದ ಸಮಗ್ರ ಸತ್ಯವಲ್ಲ. 1964ರ ಆಗಸ್ಟ್ 7ರಂದು ಅಮೆರಿಕದ ಶಾಸನಸಭೆ ಟಾಂಕಿನ್ ಕೊಲ್ಲಿಯ ನಿರ್ಣಯವನ್ನು ಅಂಗೀಕರಿಸಿತು. ಕೆಳಮನೆಯಲ್ಲಿ ಒಂದು ಮತವೂ ವಿರುದ್ಧವಾಗಿ ಬೀಳಲಿಲ್ಲ. ಸೆನೆಟ್‌ನಲ್ಲಿ ವಿರೋಧಿಸಿದವರು ಇಬ್ಬರೇ. ನಿರ್ಣಯಕ್ಕೆ ಆಧಾರವಾಗಿದ್ದ ಆಗಸ್ಟ್ 4ರ ದಾಳಿ ನಡೆದೇ ಇರಲಿಲ್ಲವೆಂಬುದನ್ನು 2005ರಲ್ಲಿ ಬಹಿರಂಗಗೊಂಡ ಗುಪ್ತಚರ ದಾಖಲೆಗಳು ದೃಢಪಡಿಸಿದವು. 1965ರ ಮಾರ್ಚ್‌ನಲ್ಲಿ ಡಾ ನಾಂಗ್ ಕಡಲತೀರದಲ್ಲಿ ಇಳಿದ ಸೈನಿಕನಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಅವನ ಮಾತು ಪ್ರಾಮಾಣಿಕವಾಗಿದ್ದೂ ಯುದ್ಧದ ಕಾರಣವನ್ನು ವಿವರಿಸಲಾರದು. ಎದುರಿಗೆ ಕುಳಿತ ಹಿರಿಯರ ಸಂಕಟಕ್ಕೆ ಮನಸೋತ ವಿದ್ಯಾರ್ಥಿ ಪ್ರಶ್ನಿಸಲು ಹಿಂಜರಿಯುತ್ತಾನೆ. ಹೀಗೆ ಅನುಕಂಪವೇ ವಿಮರ್ಶೆಯ ಬಾಯಿ ಮುಚ್ಚಿಸುವ ಅಪಾಯವಿದೆ.

ಮರುರೂಪಣೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಕಡ್ಡಾಯ ಸೇನಾಭರ್ತಿಗಾಗಿ 1969ರ ಡಿಸೆಂಬರ್ 1ರಂದು ಜನ್ಮದಿನಾಂಕಗಳಿದ್ದ 366 ಗುಳಿಗೆಗಳಿಂದ ಚೀಟಿ ಎತ್ತಲಾಯಿತು. ಇದನ್ನು ತರಗತಿಯಲ್ಲಿ ಮರುರೂಪಿಸಿದಾಗ, ತನ್ನ ಹುಟ್ಟಿದ ದಿನವೇ ತನ್ನ ವಿಧಿಯಾಗಬಹುದಿತ್ತೆಂಬ ಅರಿವು ವಿದ್ಯಾರ್ಥಿಯನ್ನು ತಟ್ಟುತ್ತದೆ. ಆದರೆ ಆಟದಲ್ಲಿ ಎಲ್ಲರೂ ಸಮಾನರು, ವಾಸ್ತವದಲ್ಲಿ ಹಾಗಿರಲಿಲ್ಲ. ಆಗ ಕಾಲೇಜು ವ್ಯಾಸಂಗ ಮಾಡುತ್ತಿದ್ದವರಿಗೆ ಭರ್ತಿಯನ್ನು ಮುಂದೂಡಿಸಿಕೊಳ್ಳುವ ಅವಕಾಶವಿತ್ತು. ಓದಿಸಲು ಶಕ್ತಿಯಿಲ್ಲದ ಮನೆಯ ಹುಡುಗನಿಗೆ ಆ ಬಾಗಿಲು ಮುಚ್ಚಿತ್ತು. ವರ್ಗಭೇದದ ಈ ಅಂಶವನ್ನು ಸೇರಿಸದ ಮರುರೂಪಣೆ ಅನ್ಯಾಯವನ್ನು ಬರಿಯ ಅದೃಷ್ಟವನ್ನಾಗಿ ಮಾರ್ಪಡಿಸುತ್ತದೆ.

ಎಲ್ಲಕ್ಕಿಂತ ಮಿಗಿಲಾದ ಕೊರತೆಯೆಂದರೆ ತರಗತಿಗೆ ಬರಲಾರದವರ ಗೈರುಹಾಜರಿ. 1982ರಲ್ಲಿ ವಾಷಿಂಗ್ಟನ್‌ನಲ್ಲಿ ಸಮರ್ಪಿತವಾದ ಸ್ಮಾರಕದ ಗೋಡೆಯ ಮೇಲೆ 58,000ಕ್ಕೂ ಹೆಚ್ಚು ಅಮೆರಿಕನ್ನರ ಹೆಸರುಗಳಿವೆ. ವಿಯೆಟ್ನಾಂ ಸರ್ಕಾರ 1995ರಲ್ಲಿ ನೀಡಿದ ಅಂದಾಜಿನಂತೆ ಮಡಿದ ನಾಗರಿಕರೇ ಸುಮಾರು 20 ಲಕ್ಷ. 1968ರ ಮಾರ್ಚ್ 16ರಂದು ಮೈ ಲಾಯ್‌ನಲ್ಲಿ ಹತರಾದ ಗ್ರಾಮಸ್ಥರ ಪರವಾಗಿ ಅಮೆರಿಕದ ತರಗತಿಯಲ್ಲಿ ನಿಂತು ಮಾತನಾಡುವವರು ಯಾರು? ಕ್ರಿಶ್ಚಿಯನ್ ಆಪ್ಪಿ ಅವರ 'ಪೇಟ್ರಿಯಟ್ಸ್' (2003) ಈ ದೃಷ್ಟಿಯಿಂದ ಮಹತ್ವದ ಕೃತಿ. ಎರಡೂ ದೇಶಗಳ ಯೋಧರು, ಅಧಿಕಾರಿಗಳು, ಯುದ್ಧವಿರೋಧಿಗಳು ಇಲ್ಲಿ ಅಕ್ಕಪಕ್ಕದಲ್ಲಿ ಮಾತನಾಡುತ್ತಾರೆ. ದೇಶಪ್ರೇಮಿ ಎಂಬ ಒಂದೇ ಪದಕ್ಕೆ ಎಲ್ಲರೂ ಹಕ್ಕುದಾರರಾಗುವುದರಿಂದ ಆ ಪದದ ಅರ್ಥವೇ ಚರ್ಚೆಗೆ ಒಳಗಾಗುತ್ತದೆ.

ಆದುದರಿಂದ ಸಾಕ್ಷಿಯನ್ನು ಪ್ರತಿಸಾಕ್ಷಿಯೊಡನೆ, ಸ್ಮೃತಿಯನ್ನು ದಾಖಲೆಯೊಡನೆ ಮುಖಾಮುಖಿಯಾಗಿಸಿದಾಗ ಮಾತ್ರ ಜೀವಂತ ಇತಿಹಾಸ ಶಿಕ್ಷಣವಾಗುತ್ತದೆ; ಇಲ್ಲವಾದರೆ ಅದು ಸ್ಮರಣೋತ್ಸವವಾಗಿ ಉಳಿಯುತ್ತದೆ. ಈ ವಿವೇಕ ಇಂದು ಹೆಚ್ಚು ತುರ್ತಿನದು. ಆ ಪೀಳಿಗೆಯ ಯೋಧರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. 2000ದಲ್ಲಿ ಅಮೆರಿಕದ ಶಾಸನಸಭೆ ಸ್ಥಾಪಿಸಿದ ಯೋಧರ ಇತಿಹಾಸ ಯೋಜನೆ ಅವರ ಮಾತುಗಳನ್ನು ಸಂಗ್ರಹಿಸುತ್ತಿದೆ. ಆದರೆ ಅದು ತನ್ನ ಉದ್ದೇಶದಿಂದಲೇ ಒಂದು ದೇಶದ ಯೋಧರ ಭಂಡಾರ. ಧ್ವನಿಮುದ್ರಿಕೆಗೆ ಮರುಪ್ರಶ್ನೆ ಹಾಕಲಾಗದು. ಮುಂದಿನ ವಿದ್ಯಾರ್ಥಿಯ ಪಾಲಿಗೆ, ಯಾರ ದನಿ ಇಂದು ಸಂಗ್ರಹವಾಗುತ್ತದೆಯೋ ಅವರದೇ ಯುದ್ಧದ ಇತಿಹಾಸವಾಗಿ ಉಳಿಯುತ್ತದೆ.