ಗಾಳಿಯಲ್ಲಿ ತಿರುಗಿಸಿದರೆ ಪರೀಕ್ಷೆಯಾದೀತೆ?

ಕೈಡ್ರಿಲ್ ಕೊಳ್ಳಲು ನೀವು ದಾವಣಗೆರೆಯ ಪಿ.ಬಿ. ರಸ್ತೆಯ ಅಂಗಡಿಯೊಂದಕ್ಕೆ ಹೋಗುತ್ತೀರಿ ಎನ್ನಿ. ಅಂಗಡಿಯವರು ಪ್ಲಗ್ ಸಿಕ್ಕಿಸಿ ಗುಂಡಿ ಒತ್ತುತ್ತಾರೆ. ಯಂತ್ರ ಭರ್ರೆಂದು ತಿರುಗುತ್ತದೆ. "600 ವಾಟ್ ಸಾರ್, ಸೌಂಡ್ ನೋಡಿ" ಎನ್ನುತ್ತಾರೆ. ಅಲ್ಲಿಗೆ ಪರೀಕ್ಷೆ ಮುಗಿಯಿತು!

ಇದರಿಂದ ತಿಳಿದದ್ದೇನು? ಮೋಟಾರು ತಿರುಗುತ್ತದೆ ಎಂಬುದಷ್ಟೆ. ಯಂತ್ರದ ಮೇಲೆ ನಮೂದಾಗಿರುವ 600 ವಾಟ್, ಅದು ವಿದ್ಯುತ್ ಜಾಲದಿಂದ ಪಡೆಯುವ ಸಾಮರ್ಥ್ಯ; ಕಬ್ಬಿಣ ಕೊರೆಯಲು ಸಿಗುವ ಸಾಮರ್ಥ್ಯವಲ್ಲ. ಅದನ್ನು ತಿಳಿಯಲು ಹೊರೆ ಹಾಕಲೇಬೇಕು. ಫ್ರಾನ್ಸಿನ ಪ್ರೋನಿ 1821ರಲ್ಲೇ ಇದಕ್ಕೊಂದು ಸರಳ ಬ್ರೇಕನ್ನು ರೂಪಿಸಿದ್ದ. ತಿರುಗುವ ಗಾಲಿಗೆ ಪಟ್ಟಿ ಬಿಗಿದು, ಸ್ಪ್ರಿಂಗ್ ತಕ್ಕಡಿಯಿಂದ ಎಳೆತವನ್ನು ಅಳೆದರೆ ಟಾರ್ಕ್ ಸಿಗುತ್ತದೆ. ಹೊರೆಯಿದ್ದಾಗ ಡ್ರಿಲ್ ನಿಮಿಷಕ್ಕೆ 1500 ಸುತ್ತು ತಿರುಗಿ, ಟಾರ್ಕ್ 2 ನ್ಯೂಟನ್-ಮೀಟರ್ ಇದ್ದರೆ ಹೊರಬರುವ ಸಾಮರ್ಥ್ಯ ಸುಮಾರು 314 ವಾಟ್. ಆಗ ಅದು 600 ವಾಟ್ ಎಳೆಯುತ್ತಿದ್ದರೆ ದಕ್ಷತೆ ಶೇ. 52 ಮಾತ್ರ.

ಉಳಿದದ್ದರಲ್ಲಿ ಬಹುಪಾಲು ಉಷ್ಣವಾಗುತ್ತದೆ. ಮೋಟಾರಿನ ಆಯಸ್ಸು ತಿನ್ನುವುದು ಇದೇ. ಇದನ್ನೂ ಅಳೆಯಬಹುದು. ತಾಮ್ರ ಬಿಸಿಯಾದಂತೆ ಅದರ ರೋಧ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಸುರುಳಿಯ ರೋಧ ಕೆಲಸದ ನಂತರ ಶೇ. 30ರಷ್ಟು ಹೆಚ್ಚಿದ್ದರೆ, ಅದರ ತಾಪ ಸುಮಾರು 103 ಡಿಗ್ರಿ ತಲಪಿದೆ ಎಂದರ್ಥ. ಒಂದೇ ವಾಟ್ ನಮೂದಿಸಿರುವ ಎರಡು ಡ್ರಿಲ್‌ಗಳ ನಿಜವಾದ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ.

ಮಾನಕಗಳಿಲ್ಲವೆ? ಇವೆ. 2014ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕ ಐಇಸಿ 62841 ಇಂಥ ಸಲಕರಣೆಗಳಿಗೇ ಮೀಸಲು. ಆದರೆ ಅದು ಸುರಕ್ಷತೆಯ ಮಾನಕ. ಯಂತ್ರ ಎಷ್ಟು ವರ್ಷ ಬಾಳೀತು, ಎಷ್ಟು ತೂತು ಕೊರೆದೀತು ಎಂದು ಅದು ಹೇಳುವುದಿಲ್ಲ. ಸುರಕ್ಷತೆಯ ಭರವಸೆಯಾದರೂ ನಮ್ಮ ಬಳಕೆಯನ್ನು ಅವಲಂಬಿಸಿದೆ. ನಿಮಿಷಕ್ಕೆ 11000 ಸುತ್ತಿನ ಹ್ಯಾಂಡ್ ಗ್ರೈಂಡರಿನ ರಕ್ಷಣಾ ಕವಚ ಬಿಚ್ಚಿ, 100 ಮಿಲಿಮೀಟರ್ ಚಕ್ರದ ಜಾಗಕ್ಕೆ 180ರದ್ದು ತೊಡಿಸಿದರೆ ಅಂಚಿನ ವೇಗ ಸೆಕೆಂಡಿಗೆ 58 ಮೀಟರಿನಿಂದ 104ಕ್ಕೆ ಏರುತ್ತದೆ. ಅಂಥ ಚಕ್ರದ ಮೇಲೆ ಸಾಮಾನ್ಯವಾಗಿ ಕಾಣುವ ಮಿತಿ 80 ಮೀಟರ್. ಒಳ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದುದರಿಂದ ಅದು ಮಿತಿಯ 1.7 ಪಟ್ಟಾಗುತ್ತದೆ. ಚಕ್ರ ಸಿಡಿದರೆ ಯಾವ ಪ್ರಮಾಣಪತ್ರವೂ ಕಣ್ಣು ಉಳಿಸದು.

ಕಂಪನವನ್ನಂತೂ ಯಾರೂ ಕೇಳುವುದೇ ಇಲ್ಲ. ಯುರೋಪಿನ 2002ರ ನಿರ್ದೇಶನದಂತೆ 8 ಗಂಟೆಯ ದುಡಿಮೆಗೆ ಕೈಗೆ ತಟ್ಟುವ ಕಂಪನ 2.5 ಮೀಟರ್/ಸೆಕೆಂಡ್² ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು. ಯಂತ್ರದ ಕಂಪನ 10 ಇದ್ದರೆ ಅರ್ಧ ಗಂಟೆಯಲ್ಲೇ ಆ ಮಟ್ಟ ಮುಟ್ಟುತ್ತದೆ. ವರ್ಷಗಟ್ಟಲೆ ಹೀಗೇ ದುಡಿದವರ ಬೆರಳು ಬಿಳಚಿ ಮರಗಟ್ಟುವುದುಂಟು.

1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನ ಲೇತುಗಳಿಂದ ಹರಿಹರ ಹೆಸರಾಯಿತು. ಆ ಕಾರ್ಖಾನೆ ಈಗಿಲ್ಲ. ಆದರೆ ಲೇತ್ ಕೊಳ್ಳುವವರು ನಿಖರತೆಯ ಪರೀಕ್ಷಾ ಪಟ್ಟಿ ಕೇಳುವುದು ಇಂದಿಗೂ ವಾಡಿಕೆ. ನೆಲಕ್ಕೆ ಬಿಗಿದ ಯಂತ್ರಕ್ಕೆ ಪಟ್ಟಿ ಬೇಕು. ಕೈಯಲ್ಲೇ ಹಿಡಿಯುವ ಯಂತ್ರಕ್ಕೆ ಬೇಡವೆ? ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್. ಬ್ರೇಕ್, ಟ್ಯಾಕೊಮೀಟರ್, ವಾಟ್‌ಮೀಟರ್ ಇದ್ದರೆ ಸಾಕು. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ವೆಲ್ಡಿಂಗ್ ಶಾಪಿನ ಗೋಡೆಗೆ ಅಂಟಿಸಲಿ. ನೀವೂ ಮುಂದಿನ ಸಲ ಅಂಗಡಿಯಲ್ಲಿ ಸದ್ದು ಕೇಳಿ ಸುಮ್ಮನಾಗದೆ, ಹೊರೆಯಲ್ಲಿ ಎಷ್ಟು ಸುತ್ತು, ಕಂಪನ ಎಷ್ಟು ಎಂದು ಕೇಳಿ.