‘ವಂಶವೃಕ್ಷ’ದಲ್ಲಿ ಬೀಜಕ್ಷೇತ್ರವಿಚಾರ

ಹೋದ ತಿಂಗಳು ನಮ್ಮ ಕೆರಗೋಡಿನಲ್ಲಿ ಸಾಹಿತ್ಯಾಸಕ್ತರಾದ ನಾಲ್ಕಾರು ಮಂದಿ ಒಂದು ಸಂಜೆ ಕೂಡಿದ್ದಾಗ ದಿವಂಗತ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದ ಪ್ರಸ್ತಾಪ ಬಂತು. ೧೯೬೫ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಅಲ್ಲಿದ್ದವರೆಲ್ಲರೂ ಓದಿದ್ದರು. ಆದರೆ ಅದರ ತಾತ್ಪರ್ಯವೇನೆಂಬಲ್ಲಿ ಇಬ್ಬರ ಮಾತು ಒಂದಾಗಲಿಲ್ಲ. ಬೀಜಗುಣವೇ ಪ್ರಧಾನವೆಂದು ಸಾರುವ ಗ್ರಂಥವಿದೆಂದು ಒಬ್ಬರು ಹೇಳಿದರೆ, ಬೀಜಗುಣದ ಹೆಮ್ಮೆಯನ್ನು ಬೇರುಸಹಿತ ಕಿತ್ತ ಗ್ರಂಥವಿದೆಂದು ಇನ್ನೊಬ್ಬರು ವಾದಿಸಿದರು. ದೀಪ ಹಚ್ಚುವ ಹೊತ್ತಾದರೂ ವಾದ ಮುಗಿಯಲಿಲ್ಲ. ಅಂದಿನಿಂದ ಈ ವಿಷಯ ನನ್ನ ಮನಸ್ಸಿನಲ್ಲಿ ನಿಂತು, ಪುಸ್ತಕವನ್ನು ಮೊದಲಿನಿಂದ ಮತ್ತೊಮ್ಮೆ ಓದಿಸಿತು. ತೋರಿದುದನ್ನು ಯಥಾಮತಿ ವಾಚಕರ ಮುಂದಿಡುತ್ತೇನೆ.

ಕಥೆ ಪ್ರಸಿದ್ಧವಾದುದರಿಂದ ಪ್ರಕೃತಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುವೆನು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಆಚಾರನಿಷ್ಠರು, ವಿದ್ವಾಂಸರು, ಜಿತೇಂದ್ರಿಯರು. ಅವರ ಒಬ್ಬನೇ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ವಿಧವೆಯಾದ ಸೊಸೆ ಕಾತ್ಯಾಯನಿ ಮೈಸೂರಿಗೆ ಓದಲು ಹೋಗಿ, ಅಲ್ಲಿ ಅಧ್ಯಾಪಕನಾದ ರಾಜನನ್ನು ಮದುವೆಯಾಗುತ್ತಾಳೆ. ಅವಳ ಮಗು ಚೀನಿ ಅಜ್ಜನ ಮನೆಯಲ್ಲಿಯೇ ಉಳಿಯುತ್ತಾನೆ. ವಂಶದ ಕುಡಿ ವಂಶದಲ್ಲಿಯೇ ಇರತಕ್ಕದ್ದೆಂಬುದು ಶ್ರೋತ್ರಿಗಳ ನಿಲುವು. ಹೀಗಿರಲಾಗಿ, ಮುಪ್ಪಿನಲ್ಲಿ ಅವರಿಗೆ ಹಳೆಯ ಸಂಗತಿಯೊಂದು ತಿಳಿದುಬರುತ್ತದೆ: ಯಾರನ್ನು ತಂದೆಯೆಂದು ನಂಬಿ ಶ್ರಾದ್ಧಮಾಡುತ್ತ ಬಂದರೋ ಆತನಿಗೆ ತಾವು ಹುಟ್ಟಿದವರಲ್ಲ. ವಂಶವೃಕ್ಷದ ಬುಡದಲ್ಲಿ ಬೇರೆಯ ಬೀಜವಿದೆ. ಆಸ್ತಿಯನ್ನು ತೊರೆದು ಅವರು ಸಂನ್ಯಾಸಕ್ಕೆ ಹೊರಡುತ್ತಾರೆ.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಮೊದಲನೆಯದು ಬೀಜವಾದ. ‘ಹುಟ್ಟುಗುಣ ಸುಟ್ಟರೂ ಹೋಗದು’, ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಗಳು ಇದರ ಪ್ರಮಾಣ. ಎರಡನೆಯದು ಸಂಸ್ಕಾರವಾದ. ಬೀಜ ಬೇರೆಯಾಗಿದ್ದರೂ ಶ್ರೋತ್ರಿಗಳು ಆ ವಂಶದ ಹಿರಿಯರಲ್ಲಿ ಯಾರಿಗೂ ಕಡಿಮೆಯಿಲ್ಲದ ಶ್ರೋತ್ರಿಯರಾದರಲ್ಲವೆ, ಆದಕಾರಣ ಬೆಳೆಸಿದ ಮನೆಯೇ ಸರ್ವಸ್ವ ಎಂದು ಈ ಪಕ್ಷದವರು ಹೇಳುತ್ತಾರೆ. ‘ಸಹವಾಸದೋಷದಿಂದ ಸಂನ್ಯಾಸಿ ಕೆಟ್ಟ’ ಎಂಬ ಗಾದೆ ಇವರ ಕಡೆಗೂ ಉಂಟು. ನಮ್ಮ ಗಾದೆಗಳು ಎರಡು ಕಡೆಗೂ ಸಾಕ್ಷಿ ಹೇಳುವುದರಿಂದ ಅವುಗಳ ಬಲದಿಂದಲೇ ತೀರ್ಪು ಸಾಧ್ಯವಿಲ್ಲ.

ತೀರ್ಪಿಗೆ ಮೊದಲು ಪ್ರಶ್ನೆ ಯಾವುದೆಂಬುದನ್ನು ಬಿಡಿಸಿಕೊಳ್ಳಬೇಕು. ಧರ್ಮಶಾಸ್ತ್ರದಲ್ಲಿ ಬೀಜಕ್ಷೇತ್ರವಿಚಾರವೆಂಬುದು ಹಳೆಯದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಅದನ್ನು ಚರ್ಚಿಸಿ, ಹನ್ನೆರಡು ಬಗೆಯ ಪುತ್ರರನ್ನು ಎಣಿಸುವಾಗ ಕ್ಷೇತ್ರಜನನ್ನೂ ಎಣಿಸುತ್ತದೆ. ಆದರೆ ಅಲ್ಲಿ ಮುಖ್ಯವಾಗಿ ಕೇಳಿರುವುದು ಈ ಮಗ ಯಾರವನು ಎಂದು. ಪಿಂಡಕ್ಕೆ, ದಾಯಕ್ಕೆ ಯಾರಿಗೆ ಸಲ್ಲತಕ್ಕವನು ಎಂದು. ಈ ಮಗ ಎಂಥವನು ಎಂಬುದು ಬೇರೆ ಪ್ರಶ್ನೆ. ‘ಯಾರವನು’ ಎಂಬುದನ್ನು ವ್ಯವಹಾರ ನಿರ್ಣಯಿಸುತ್ತದೆ. ‘ಎಂಥವನು’ ಎಂಬುದನ್ನು ಬಾಳು ತೋರಿಸುತ್ತದೆ. ಶ್ರೋತ್ರಿಗಳ ಸಂಕಟದ ಮೂಲ, ಈ ಎರಡು ಪ್ರಶ್ನೆಗಳನ್ನು ಅವರು ಜನ್ಮವೆಲ್ಲ ಒಂದೆಂದೇ ನಂಬಿದ್ದುದು. ಮೊದಲನೆಯದರ ಉತ್ತರ ಉರುಳಿದ ಒಡನೆ ಎರಡನೆಯದೂ ಉರುಳಿತೆಂದು ಅವರಿಗೆ ತೋರಿತು. ಉರುಳಲಿಲ್ಲವೆಂಬುದನ್ನು ಓದುಗನು ಕಾಣುತ್ತಾನೆ. ಕಾದಂಬರಿಯ ಹೆಚ್ಚಳ ಇಲ್ಲಿದೆ.

ಇನ್ನು ಈ ಕಾಲದ ಶಾಸ್ತ್ರವೇನು ಹೇಳುತ್ತದೆ? ಬೀಜವನ್ನೂ ಮನೆಯನ್ನೂ ಬೇರ್ಪಡಿಸಿ ನೋಡುವುದಕ್ಕೆ ವಿದ್ವಾಂಸರು ಅವಳಿಮಕ್ಕಳನ್ನೂ ದತ್ತುಮಕ್ಕಳನ್ನೂ ಆಶ್ರಯಿಸಿದರು. ಇಂಗ್ಲೆಂಡಿನ ಗಾಲ್ಟನ್ನನು ೧೮೭೫ರಲ್ಲಿಯೇ ಅವಳಿಗಳ ವಿಚಾರವನ್ನು ಬರೆದನು. ಅಮೆರಿಕದ ಮಿನ್ನೆಸೋಟದಲ್ಲಿ ಬೂಷಾರ್ಡನು ೧೯೭೯ರಿಂದ, ಶೈಶವದಲ್ಲಿ ಅಗಲಿ ಬೇರೆಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಕರೆಯಿಸಿ ಪರೀಕ್ಷಿಸಿದನು. ಒಂದೇ ಬೀಜದಿಂದಾದ ಏಕರೂಪದ ಅವಳಿಗಳು ಬೇರೆ ಮನೆಗಳಲ್ಲಿ ಬೆಳೆದರೂ, ಸ್ವಭಾವದಲ್ಲಿ ಒಂದೇ ಮನೆಯಲ್ಲಿ ಬೆಳೆದ ಅಂಥವರಷ್ಟೇ ಹೋಲುತ್ತಿದ್ದರು. ೨೦೧೫ರಲ್ಲಿ, ಐವತ್ತು ವರ್ಷಗಳಲ್ಲಿ ಪ್ರಕಟವಾದ ೨,೭೪೮ ಪ್ರಬಂಧಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ದೇಹದ ಮತ್ತು ಮನಸ್ಸಿನ ಗುಣಗಳಲ್ಲಿ ಜನರೊಳಗೆ ಕಾಣುವ ವ್ಯತ್ಯಾಸಕ್ಕೆ ಬೀಜದ ಪಾಲು ಸರಾಸರಿ ನೂರಕ್ಕೆ ೪೯ ಎಂದು ಬಂತು. ಬೀಜವಾದಿಗಳು ಹಿಗ್ಗುವುದಕ್ಕೂ ಇಲ್ಲ, ಸಂಸ್ಕಾರವಾದಿಗಳು ಕುಗ್ಗುವುದಕ್ಕೂ ಇಲ್ಲ.

ಆದರೆ ಈ ಸಂಖ್ಯೆಯ ಅರ್ಥವನ್ನು ತಿಳಿದುಕೊಳ್ಳದೆ ಬಳಸಿದರೆ ಅನರ್ಥವಾಗುತ್ತದೆ. ನಮ್ಮ ಮಂಡ್ಯ ಸೀಮೆಯವರಿಗೆ ಇದನ್ನು ಹೊಲದಲ್ಲಿಯೇ ತೋರಿಸಬಹುದು. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಊರವರು ಅವರನ್ನು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದರು. ಒಂದೇ ಹೊಲದಲ್ಲಿ ಹಳೆಯ ನಾಟಿ ರಾಗಿಯನ್ನೂ ಇಂಡಾಫನ್ನೂ ಬಿತ್ತಿದರೆ ಇಳುವರಿಯ ವ್ಯತ್ಯಾಸ ಬೀಜದ್ದು. ಇಂಡಾಫನ್ನೇ ತರಿಯಲ್ಲಿಯೂ ಖುಷ್ಕಿಯಲ್ಲಿಯೂ ಬಿತ್ತಿದರೆ ವ್ಯತ್ಯಾಸ ನೆಲನೀರಿನದು. ಆದರೆ ಒಂದು ತೆನೆಯನ್ನು ಕೈಯಲ್ಲಿ ಹಿಡಿದು, ಇದರಲ್ಲಿ ಬೀಜದ್ದೆಷ್ಟು ಕಾಳು, ನೀರಿನದೆಷ್ಟು ಕಾಳು ಎಂದು ಕೇಳಿದರೆ ಆ ಪ್ರಶ್ನೆಗೇ ಅರ್ಥವಿಲ್ಲ. ನೂರಕ್ಕೆ ೪೯ ಎಂಬುದು ಜನಸಮುದಾಯದ ವ್ಯತ್ಯಾಸದ ಅಳತೆಯೇ ಹೊರತು ಒಬ್ಬನ ಶೀಲದ ಪಾಲುಪಟ್ಟಿಯಲ್ಲ. ಶ್ರೋತ್ರಿಗಳ ಇಂದ್ರಿಯನಿಗ್ರಹದಲ್ಲಿ ಬೀಜದಾತನದೆಷ್ಟು, ಮನೆಯದೆಷ್ಟು ಎಂದು ನಮ್ಮ ಸ್ನೇಹಿತರು ವಾದಿಸಿದುದು ತೆನೆಯೊಂದನ್ನು ಹಿಡಿದು ವಾದಿಸಿದಂತಾಯಿತು.

ಇನ್ನೊಂದು ಸೂಕ್ಷ್ಮವುಂಟು. ಒಂದೇ ಮನೆಯಲ್ಲಿ ಬೆಳೆದ ಮಾತ್ರಕ್ಕೆ ಮಕ್ಕಳು ಸ್ವಭಾವದಲ್ಲಿ ಅಷ್ಟೇನೂ ಸಮಾನರಾಗುವುದಿಲ್ಲ, ಬೀಜಕ್ಕೂ ಮನೆಗೂ ಸೇರದ ದೊಡ್ಡ ಭಾಗವೊಂದು ಉಳಿದೇ ಉಳಿಯುತ್ತದೆ ಎಂದು ಟರ್ಕ್‌ಹೈಮರ್ ಎಂಬ ವಿದ್ವಾಂಸನು ೨೦೦೦ದಲ್ಲಿ ಸಂಗ್ರಹಿಸಿ ಹೇಳಿದ್ದಾನೆ. ಕಾದಂಬರಿಕಾರರು ಇದನ್ನು ಮೊದಲೇ ಕಂಡಿದ್ದರೆಂಬುದಕ್ಕೆ ಸದಾಶಿವರಾಯ ಮತ್ತು ರಾಜ ಎಂಬ ಅಣ್ಣತಮ್ಮಂದಿರೇ ಸಾಕ್ಷಿ. ಒಡಹುಟ್ಟಿದವರು, ಒಂದೇ ಮನೆಯ ಅನ್ನವುಂಡವರು. ಅಣ್ಣನಾದರೋ ಗ್ರಂಥರಚನೆಯಲ್ಲಿ ಹೆಂಡತಿಯನ್ನೂ ಮರೆತು, ಆ ಗ್ರಂಥಕ್ಕೆ ನೆರವಾದ ಕರುಣಾರತ್ನೆಯನ್ನು ವರಿಸುತ್ತಾನೆ. ತಮ್ಮನು ಒಬ್ಬಳನ್ನೇ ನೆಚ್ಚಿ ಅವಳ ದುಃಖದಲ್ಲಿ ಕರಗುತ್ತಾನೆ. ಇದಕ್ಕೆ ಬೀಜದಿಂದಲೂ ಮನೆಯಿಂದಲೂ ಪೂರ್ಣವಾದ ಉತ್ತರ ದೊರೆಯದು.

ಇಷ್ಟರವರೆಗೆ ಗ್ರಂಥದ ಗುಣವನ್ನು ಹೇಳಿದೆನು. ದೋಷವೊಂದನ್ನು ಹೇಳದಿದ್ದರೆ ವಿಮರ್ಶೆ ಸ್ತೋತ್ರವಾದೀತು. ಪುನರ್ವಿವಾಹದ ಮೇಲೆ ಕಾತ್ಯಾಯನಿಗೆ ಗರ್ಭ ನಿಲ್ಲುವುದಿಲ್ಲ. ಮತ್ತೆ ಮತ್ತೆ ಸ್ರಾವವಾಗುತ್ತದೆ. ಕೊನೆಗೆ ಕೊರಗಿ ಸಾಯುತ್ತಾಳೆ. ತಾನು ಪಾಪಮಾಡಿದೆನೆಂದು ಅವಳು ಭಾವಿಸಿದಳೆಂಬುದು ಮನಶ್ಶಾಸ್ತ್ರಕ್ಕೆ ಒಪ್ಪುವ ಮಾತೇ. ಆದರೆ ಒಂದು ವಂಶದ ಕ್ಷೇತ್ರ ಬೇರೊಂದು ಬೀಜವನ್ನು ಒಲ್ಲದೆಂಬ ಭಾವನೆ ಓದುಗನ ಮನಸ್ಸಿನಲ್ಲಿ ಮೂಡುವಂತೆ ಕಥೆ ಹೆಣೆದುಕೊಂಡಿದೆ. ಮೊದಲ ತಿಂಗಳುಗಳ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣವೆಂದು ವೈದ್ಯರು ಬಲ್ಲರು. ಆ ದೋಷ ಬಹುಮಟ್ಟಿಗೆ ಆಕಸ್ಮಿಕ. ತಾಯಿಯ ಶೀಲಕ್ಕೂ ಅದಕ್ಕೂ ಸಂಬಂಧವಿಲ್ಲ. ಶ್ರೋತ್ರಿಗಳ ಜನ್ಮವೃತ್ತಾಂತದಿಂದ ಬೀಜದ ಹೆಮ್ಮೆಯನ್ನು ಕಿತ್ತ ಕವಿ, ಅದೇ ಹೆಮ್ಮೆಗೆ ಕಾತ್ಯಾಯನಿಯ ಒಡಲಲ್ಲಿ ಮತ್ತೆ ಜಾಗ ಮಾಡಿಕೊಟ್ಟರೆಂದು ನನಗೆ ತೋರುತ್ತದೆ.

ಕಾತ್ಯಾಯನಿಯ ವಿಷಯದಲ್ಲಿ ಓದುಗರ ನಡತೆಯೂ ವಿಚಾರಯೋಗ್ಯವಾಗಿದೆ. ಅವಳು ಚಂಚಲೆ, ಅದಕ್ಕೆ ಹಾಗಾಯಿತು ಎಂದು ಅಂದಿನ ಸಂಜೆಯೂ ಒಬ್ಬರು ನುಡಿದರು. ಪರರ ಕಾರ್ಯಕ್ಕೆ ಅವರ ಸ್ವಭಾವವನ್ನೇ ಕಾರಣವಾಗಿ ಹೇಳಿ, ಅವರು ನಿಂತ ಸಂದರ್ಭವನ್ನು ಕಾಣದಿರುವ ಈ ದೋಷಕ್ಕೆ ಲೀ ರಾಸ್ ಎಂಬ ಸಮಾಜಮನಶ್ಶಾಸ್ತ್ರಜ್ಞನು ೧೯೭೭ರಲ್ಲಿ ‘ಮೂಲಭೂತ ಆರೋಪದೋಷ’ವೆಂದು ಹೆಸರಿಟ್ಟನು. ವೇದಾಂತಿಗಳು ಹೇಳುವ ಅಧ್ಯಾಸಕ್ಕೆ ಇದು ದಾಯಾದಿ. ಹಗ್ಗದಲ್ಲಿ ಹಾವನ್ನು ಕಂಡಂತೆ ಸಂದರ್ಭದಲ್ಲಿ ಸ್ವಭಾವವನ್ನು ಕಾಣುವುದು. ಇದರಲ್ಲಿ ನಮ್ಮ ನಾಡಿನ ಜನಕ್ಕೆ ಸಲ್ಲುವ ಮಾತೊಂದಿದೆ. ಜೋನ್ ಮಿಲ್ಲರ್ ಎಂಬ ವಿದುಷಿ ಷಿಕಾಗೋ ನಗರದವರನ್ನೂ ನಮ್ಮ ಮೈಸೂರಿನವರನ್ನೂ ಹೋಲಿಸಿ ೧೯೮೪ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದಳು. ಒಬ್ಬ ವಕೀಲನು ಮೋಟಾರ್ ಸೈಕಲ್ಲಿನಿಂದ ಬಿದ್ದ ಜೊತೆಗಾರನನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿ ನಿಲ್ಲದೆ ನ್ಯಾಯಾಲಯಕ್ಕೆ ಹೋದನೆಂಬಂಥ ಸಂಗತಿಗಳಿಗೆ ಕಾರಣವೇನೆಂದು ಕೇಳಿದಾಗ, ಅಮೆರಿಕದ ವಯಸ್ಕರು ಹೆಚ್ಚಾಗಿ ಮನುಷ್ಯನ ಸ್ವಭಾವವನ್ನು ಹೇಳಿದರು. ಮೈಸೂರಿನವರು ಹೆಚ್ಚಾಗಿ ಕರ್ತವ್ಯವನ್ನೂ ಸಂದರ್ಭವನ್ನೂ ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಈ ಭೇದವಿಲ್ಲ; ಬೆಳೆಯುತ್ತ ಬೆಳೆಯುತ್ತ ಬರುತ್ತದೆ. ಹುಟ್ಟಿನಿಂದ ಬಾರದೆ ಸಮಾಜದಿಂದ ಬಂದ ವಿವೇಕವಿದು.

ಈ ವಿವೇಕ ನನಗೆ ಬಹಳ ತಡವಾಗಿ ಬಂತೆಂದು ಒಪ್ಪಿಕೊಳ್ಳಬೇಕಾಗಿದೆ. ಉಪಾಧ್ಯಾಯನಾಗಿದ್ದ ಕಾಲದಲ್ಲಿ ಹೊಸ ಹುಡುಗ ಬಂದರೆ ‘ಯಾರ ಮಗನೋ ನೀನು?’ ಎಂದು ನಾನು ಮೊದಲು ಕೇಳುತ್ತಿದ್ದೆ; ಎಂಥವನೆಂಬುದನ್ನು ಆ ಉತ್ತರದಿಂದಲೇ ತೀರ್ಮಾನಿಸುತ್ತಿದ್ದೆ. ಒಂದು ವರ್ಷ ಹುಡುಗನೊಬ್ಬ ತರಗತಿಯಲ್ಲಿ ದಿನವೂ ತೂಕಡಿಸುತ್ತಿದ್ದ. ಅವನ ತಂದೆ ಸೋಮಾರಿಯೆಂದು ಊರಿನಲ್ಲಿ ಹೆಸರಾದವನು. ‘ಅಪ್ಪನ ಮಗನಲ್ಲವೆ!’ ಎಂದು ಎಲ್ಲರೆದುರಿಗೆ ಅಂದೆ. ಹುಡುಗರು ನಕ್ಕರು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಅವನ ತಂದೆ ಆ ವರ್ಷವೆಲ್ಲ ಹಾಸಿಗೆ ಹಿಡಿದಿದ್ದನೆಂದೂ, ನಾಲೆಯ ನೀರಿನ ಸರದಿ ರಾತ್ರಿ ಬರುತ್ತಿದ್ದುದರಿಂದ ಆ ಹುಡುಗನೇ ಕಬ್ಬಿಗೆ ನೀರು ಕಟ್ಟಿ ಬೆಳಗ್ಗೆ ಶಾಲೆಗೆ ಬರುತ್ತಿದ್ದನೆಂದೂ ಆಮೇಲೆ ತಿಳಿಯಿತು. ಸೋಮಾರಿಯೆಂದು ನಾನು ಕರೆದವನು ತರಗತಿಯಲ್ಲೆಲ್ಲ ಹೆಚ್ಚು ದುಡಿಯುತ್ತಿದ್ದವನಾಗಿದ್ದ. ‘ಏಕೆ ನಿದ್ದೆ ಬರುತ್ತದಪ್ಪ?’ ಎಂಬ ಒಂದು ಮಾತನ್ನು ನಾನು ಕೇಳಬಹುದಾಗಿತ್ತು, ಕೇಳಲಿಲ್ಲ.

ಆದಕಾರಣ ‘ವಂಶವೃಕ್ಷ’ದ ಚರಮಸಂದೇಶ ಬೀಜದ ಜಯವೂ ಅಲ್ಲ, ಸಂಸ್ಕಾರದ ಜಯವೂ ಅಲ್ಲವೆಂದು ನನ್ನ ಮತ. ಯಾರವನು ಎಂಬ ಪ್ರಶ್ನೆಯ ಉತ್ತರದಿಂದ ಎಂಥವನು ಎಂಬುದನ್ನು ಅಳೆಯಬಾರದೆಂಬುದನ್ನು ಅದು ಒಬ್ಬ ಸತ್ಪುರುಷನ ಸಂಕಟದ ಮೂಲಕ ತೋರಿಸುತ್ತದೆ. ಕಾತ್ಯಾಯನಿಯ ಭಾಗದಲ್ಲಿ ಈ ಪಾಠವನ್ನು ಗ್ರಂಥವೇ ಒಂದಷ್ಟು ಮರೆತಿದ್ದರೂ ಓದುಗರು ಮರೆಯಬೇಕಾದುದಿಲ್ಲ. ಪುಸ್ತಕವನ್ನು ಹಿಂದೆ ಓದಿದವರು ಈ ದೃಷ್ಟಿಯಿಂದ ಮತ್ತೊಮ್ಮೆ ಓದಲಿ. ಉಪಾಧ್ಯಾಯವೃತ್ತಿಯಲ್ಲಿರತಕ್ಕವರು, ನಾಳೆ ತರಗತಿಯಲ್ಲಿ ಹುಡುಗನೊಬ್ಬ ತೂಕಡಿಸಿದರೆ, ಅವನ ತಂದೆಯ ಹೆಸರನ್ನು ಕೇಳುವುದಕ್ಕೆ ಮೊದಲು ಅವನು ರಾತ್ರಿ ಎಲ್ಲಿದ್ದನೆಂದು ಕೇಳಲಿ. ನನ್ನ ಮಾತಿನಲ್ಲಿ ದೋಷವಿದ್ದರೆ ಸಹೃದಯರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.